ನನ್ನ ಕೊಳ್ಳಾನ ಗಂಟು, ಕಮಲಾಪುರದ ಬಸ್ಸು

ಕೊಳ್ಳಾಗ ಒಂದು ಗಂಟು ಎದ್ದರ ಸಾಕ್ರಿ, ಊರ ಮಂದಿ ಎಲ್ಲಾ ಡಾಕ್ಟರ್ ಆಗತಾರ. ನಾನು ಕಮಲಾಪುರದಾಗ ಹತ್ತೊಂಬತ್ತು ವರ್ಷದಿಂದ ಸಾಲಿ ಟೀಚರ್. ನನ್ನ ಥೈರಾಯ್ಡ್‌ನಾಗ ಅಡಕಿಯಷ್ಟು ಗಂಟು ಬಂತು. ಎರಡು ಸಲ ಸೂಜಿ ಚುಚ್ಚಿ ನೋಡಿದರೂ ಒಳ್ಳೇದೋ ಕೆಟ್ಟದ್ದೋ ತಿಳೀಲಿಲ್ಲ. ಕಲಬುರಗಿ ಡಾಕ್ಟರು, "ಕೊಯ್ದು ತೆಗದುಬಿಡೋಣು. ಆದರ ದನಿಯ ನರ ಅಲ್ಲೇ ಬಾಜೂಕ ಅದ. ಏನರ ಆದರ ದನಿ ಕೆಡಬಹುದು," ಅಂದರು.

"ನಮ್ಮ ಸಾಲಿಯಾಗ ಮೈಕ್ ಇಲ್ರಿ, ನನ್ನ ದನೀನೇ ಮೈಕ್. ಅದು ಕೆಟ್ಟ ಗಂಟು ಅಂತ ಗೊತ್ತಾಗೋ ತನಕ ಕೊಳ್ಳಿಗೆ ಚಾಕು ಹಚ್ಚಸಂಗಿಲ್ಲ," ಅಂದೆ.

"ಹಂಗಾದರ ಒಂದು ಎಂಆರ್‌ಐ ಮಾಡಿಸಿ ನೋಡೋಣು," ಅಂತ ಚೀಟಿ ಬರದರು.

ಮಾತಾಡಸಾಕ ಬಂದವರು

ಸುದ್ದಿ ನನಕಿಂತ ಮೊದಲ ಊರು ಮುಟ್ಟಿತ್ತು. ಬಂದವರೆಲ್ಲಾ ಕೆಂಪು ಬಾಳೆಹಣ್ಣು ಹಿಡಕೊಂಡು ಬಂದರು, ಕುಂತು ಅತ್ತರು. ಬಾಜೂ ಮನಿ ಕಾಕು ಸೆರಗಿನಿಂದ ಮೂಗು ಒರಸಕೋತ, "ಎಂಥಾ ದನಿ ಇತ್ತವ್ವಾ ನಿಂದು!" ಅಂದಳು.

"ಇತ್ತು ಅಲ್ಲ ಕಾಕು, ಅದ!" ಅಂತ ಒದರಿದೆ. ಅಟ್ಟದ ಮ್ಯಾಲಿನ ಬೆಕ್ಕು ಕೆಳಗ ಜಿಗೀತು.

ಸಿಟ್ಟು ಬಂದು, ಅಳಾವ್ರ ಮುಂದ ಒಂದೊಂದು ಮೊರದಾಗ ತೊಗರಿ ಹಾಕಿಟ್ಟೆ. "ಕುಂತು ಅಳೋದಾದರ ಅಳ್ರಿ, ಕೈ ಯಾಕ ಖಾಲಿ? ಕಲ್ಲು ಆರಸ್ರಿ." ಸಂಜೀತನಕ ಅರ್ಧ ಚೀಲ ಸ್ವಚ್ಛ ಆತು. ಮರುದಿನ ಒಬ್ಬರೂ ಬರಲಿಲ್ಲ. ಇನ್ನರ್ಧ ಚೀಲ ಹಂಗೇ ಉಳೀತು ನೋಡ್ರಿ!

ಬಾಯಿ ಮುಚ್ಚಿದ್ದೇ ತಪ್ಪಾತು

ಎಂಆರ್‌ಐ ಸ್ಕ್ಯಾನ್ ಮಾಡೋ ಹುಡುಗ ಮಾಸ್ಕ್ ಹಾಕ್ಕೊಂಡಿದ್ದ. "ಮೇಡಂ, ಮಾತಾಡಬ್ಯಾಡ್ರಿ, ಉಗುಳು ನುಂಗಬ್ಯಾಡ್ರಿ. ಕೊಳ್ಳು ಅಳಗಾಡಿದರ ಫೋಟೋ ಕೆಡತದ," ಅಂದ. ಮಷೀನು ಕಿವಿ ಹರಿಯೋಹಂಗ ಬಡಕೊಳ್ಳಾಕತ್ತಿತು. ನಡಕ ಸ್ಪೀಕರಿನಾಗ ಕೇಳಿದ, "ಆರಾಮ ಇದ್ದೀರೇನ್ರೀ?"

ನಾನು ಸುಮ್ಮನಿದ್ದೆ.

"ಮೇಡಂ? ಮೇಡಂ!" ಅಂದ. ನಾನು ಮತ್ತೂ ಸುಮ್ಮನಿದ್ದೆ. ಬಾಗಲಾ ತಗದು ಓಡಿ ಬಂದು ನನ್ನ ಹೊರಗ ಎಳದ. ಅವನ ಹಣಿ ಬೆವತುಹೋಗಿತ್ತು.

"ಮಾತಾಡಬ್ಯಾಡ ಅಂದವನೂ ನೀನೇ, ಮಾತಾಡಸಾವನೂ ನೀನೇ! ಯಾವ ಸಾಲಿಯಾಗ ಕಲ್ತೀಯೋ?" ಅಂತ ಬೈದೆ.

ಅಂವ ಮಾಸ್ಕ್ ಇಳಿಸಿ ಮೆಲ್ಲಗ ಅಂದ, "ನಿಮ್ಮ ಸಾಲಿಯಾಗೇ ರೀ, ಟೀಚರ್."

ಕಂಡಕ್ಟರ್ ತಿರಗಾಡಿದ

ರಿಪೋರ್ಟ್ ತಗೊಳ್ಳೋ ದಿನ ನನಗ ಖರೇನೇ ಅಂಜಿಕಿ ಆಗಿತ್ತು. ಚೀಲ ಎದಿಗೆ ಅವಚಿ ಹಿಡದು ಕುಂತಿದ್ದೆ. ಡಾಕ್ಟರು ಫೋಟೋ ತೋರಿಸಿ ಹೇಳಿದರು, "ಗಂಟಿನೊಳಗ ನೀರು ಎಷ್ಟು ಸಲೀಸು ಓಡಾಡತದ ಅಂತ ಇದು ತೋರಸತದ. ಕೆಟ್ಟ ಗಂಟಿನಾಗ ಬಹಳ ಮಾಡಿ ಜೀವಕೋಶ ಒತ್ತೊತ್ತಿ ತುಂಬಿರತಾವ. ಗದ್ದಲ ಬಸ್ಸಿನಾಗ ಕಂಡಕ್ಟರ್ ಸಿಕ್ಕೊಂಡಂಗ ನೀರಿಗೆ ಜಾಗಾ ಇರಂಗಿಲ್ಲ. ನಿಮ್ಮ ಗಂಟಿನಾಗ ಕಂಡಕ್ಟರ್ ಆರಾಮ ತಿರಗಾಡಾಕತ್ತಾನ."

"ಅಂದರ ಕೊಯ್ಯೋದು?"

"ಕೆಟ್ಟ ಗಂಟಿನಂಗ ಕಾಣಂಗಿಲ್ಲ, ಈಗ ಬ್ಯಾಡ. ಆರು ತಿಂಗಳಿಗೆ ಮತ್ತ ಬಂದು ತೋರಸ್ರಿ."

ಅಲ್ಲೇ ಅತ್ತುಬಿಟ್ಟೆ. ತೊಗರಿ ಆರಸು ಅನ್ನಾಕ ಅಲ್ಲಿ ಯಾರೂ ಇರಲಿಲ್ಲ, ಪುಣ್ಯ.

ಕಮಲಾಪುರದ ಬಸ್ಸು ತುಂಬಿ ತುಳಕಾಕತ್ತಿತ್ತು. ಎಲ್ಲಾರಿಗೂ ಟಿಕೆಟ್ ಕೊಟ್ಟು ಮುಗಿಯೋ ತನಕ ಬಸ್ಸು ಬಿಡಂಗಿಲ್ಲ, ಕಂಡಕ್ಟರ್ ನೋಡಿದರ ಹಿಂದಿನ ಬಾಗಲದಾಗೇ ಸಿಕ್ಕೊಂಡಾನ. ಅಷ್ಟರಾಗ ನಮ್ಮೂರ ಒಬ್ಬಾಕಿ, "ಪಾಪ, ಟೀಚರಿಗೆ ಕ್ಯಾನ್ಸರ್ ಅಂತ, ಜಾಗಾ ಬಿಡ್ರಿ," ಅಂದಳು.

ನನ್ನ ಸಿಟ್ಟು ನೆತ್ತಿಗೇರಿತು. "ಯಾರಿಗಿ ಪಾಪ?" ಅಂದವಳೇ, ಹತ್ತೊಂಬತ್ತು ವರ್ಷದ ದನಿ ತಗದು ಒದರಿದೆ, "ಚೀಲ ಸೀಟಿನ ಕೆಳಗ! ಎಲ್ಲಾರೂ ಸಾಲಾಗಿ ಒಳಗ ಸರೀರಿ! ಗದ್ದಲ ಮಾಡಬ್ಯಾಡ್ರಿ!"

ಮೀಸಿ ಹೊತ್ತ ಗಂಡಸರೂ ಕೈಕಟ್ಟಿ ಸರದು ನಿಂತರು. ಡ್ರೈವರ್ ಸೈತ ನೆಟ್ಟಗ ಕುಂತ. ನಡಕ ದಾರಿ ಆತು, ಕಂಡಕ್ಟರ್ ಈ ತುದಿಯಿಂದ ಆ ತುದಿಗೆ ಆರಾಮ ನಡಕೋತ ಬಂದ.

ನಾನು ಆ ಹೆಣ್ಣಮಗಳ ಕಡೆ ತಿರಗಿ ಅಂದೆ, "ನೋಡವ್ವಾ, ನನಗೂ ಕ್ಯಾನ್ಸರ್ ಇಲ್ಲ, ಈ ಬಸ್ಸಿಗೂ ಇಲ್ಲ."