ಎಂಟು ಗಂಟೆಯ ಪೂಜೆ

ಫಿಡೆಲ್ಮಾ ಮಗಳ ಬಿಳಿ ಫ್ರಾಕಿಗೆ ಇಸ್ತ್ರಿ ಹಾಕುತ್ತಿದ್ದಳು. ತೋಳಿನ ನಿರಿಗೆ ಇನ್ನೇನು ಸರಿಯಾಗಿ ಕೂತಿತು ಅನ್ನುವಾಗ ಊನಾ ಬಂದು ಏಪ್ರನ್ ಜಗ್ಗಿದಳು.

"ಅಮ್ಮಾ, ಒಂದು ಕೇಳ್ಬೇಕು."

"ಆಮೇಲೆ ಪುಟ್ಟಾ."

"ದೊಡ್ಡ ಪಾಪದ ವಿಷ್ಯ."

ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಫಿಡೆಲ್ಮಾಗೆ ಎಚ್ಚರವಾದದ್ದು. ತೋಳಿನ ಮೇಲೆ ಬಿಸ್ಕತ್ತಿನ ಬಣ್ಣದ ಕಲೆ ಮೂಡಿತ್ತು.

ಮಾರನೆಯ ದಿನ ಊನಾಳ ಪ್ರಥಮ ಪರಮಪ್ರಸಾದ, ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಹಬ್ಬ. ಅಪ್ಪ ಅಮ್ಮ ಮಗುವಿನ ಜೊತೆಗೇ ಹೋಗಿ ಪ್ರಸಾದ ತೆಗೆದುಕೊಳ್ಳಬೇಕು. ಆದರೆ ದೊಡ್ಡ ಪಾಪ ಮಾಡಿ, ಅದನ್ನು ಪಾದ್ರಿಯ ಮುಂದೆ ನಿವೇದಿಸಿಕೊಳ್ಳದೆ ಪ್ರಸಾದಕ್ಕೆ ನಾಲಗೆ ಚಾಚಿದರೆ ಅದು ಇನ್ನೊಂದು ದೊಡ್ಡ ಪಾಪ. ಪ್ರಸಾದಕ್ಕೆ ಏಳದೆ ಬೆಂಚಿನಲ್ಲೇ ಕೂತರೆ ಐರ್ಲೆಂಡಿನ ಆ ಪುಟ್ಟ ಕಡಲೂರಿನಲ್ಲಿ ಸಂಜೆಯೊಳಗೆ ಯಾಕೆ, ಏನು ಎಂದು ಕೇಳದವರೇ ಇರುವುದಿಲ್ಲ.

ಫಿಡೆಲ್ಮಾ ಮಾಡಿದ್ದಿಷ್ಟೇ. ಕಳೆದ ಭಾನುವಾರ ಹಲ್ಲು ಬರುತ್ತಿದ್ದ ಅವಳಿ ಮಕ್ಕಳನ್ನು ಗಂಡನ ಮಡಿಲಿಗೆ ಹಾಕಿ, ಊನಾಳನ್ನು ಕರೆದುಕೊಂಡು ಎಂಟು ಗಂಟೆಯ ಪೂಜೆಗೆಂದು ಹೊರಟಿದ್ದಳು. ಹಿಂದಿನ ಸೀಟಿನಲ್ಲಿ ಮಗು ಕಣ್ಣು ಮುಚ್ಚಿತ್ತು. ಐದೇ ನಿಮಿಷ ಅಂತ ಕಡಲಂಚಿನಲ್ಲಿ ಕಾರು ನಿಲ್ಲಿಸಿದಳು. ಯಾರೂ ಅಳಲಿಲ್ಲ, ಯಾರೂ ಕರೆಯಲಿಲ್ಲ. ಚರ್ಚಿನ ಗಂಟೆ ಕೇಳಿಸಿತು. ಕೇಳಿಸಿಯೂ ಅವಳು ಏಳಲಿಲ್ಲ. ಹೀಗೆ ಒಂದು ತಾಸು. ಭಾನುವಾರದ ಪೂಜೆ ಬೇಕೆಂದೇ ತಪ್ಪಿಸುವುದು ದೊಡ್ಡ ಪಾಪಗಳಲ್ಲೊಂದು. ಮನೆಯ ಬಾಗಿಲಲ್ಲಿ ಮಗುವನ್ನು ಎಬ್ಬಿಸಿ, "ಪೂಜೆ ಮುಗೀತು, ಏಳು" ಅಂದಿದ್ದಳು. ಸಾಲದ್ದಕ್ಕೆ ಸೋಮವಾರ ಅಂಗಡಿಯಲ್ಲಿ ಸಿಕ್ಕ ಊರ ಪಾದ್ರಿ ಫಾದರ್ ಲಾಫ್ನನ್‌ಗೆ "ನಿನ್ನೆ ನಿಮ್ಮ ಉಪದೇಶ ಕೇಳಿ ಕಣ್ಣೀರೇ ಬಂತು" ಎಂದೂ ಹೇಳಿದ್ದಳು.

ಸಂಜೆ ಐದಕ್ಕೆ ಚರ್ಚಿನಲ್ಲಿ ಪಾಪನಿವೇದನೆ. ಎಡಗಡೆಯ ನಿವೇದನೆಯ ಗೂಡಿನಲ್ಲಿ ಫಾದರ್ ಲಾಫ್ನನ್, ಬಲಗಡೆಯದರಲ್ಲಿ ಯಾರ ಗುರುತೂ ಇಲ್ಲದ, ಬೇರೆ ಊರಿಂದ ಬಂದ ಫಾದರ್. ಸಣ್ಣಪುಟ್ಟ ಪಾಪದವರೆಲ್ಲ ಎಡಕ್ಕೆ ಹೋಗುವುದು ರೂಢಿ. ಬಲಕ್ಕೆ ಹೋಗಿ ನಿಲ್ಲುವುದೆಂದರೆ ದೊಡ್ಡ ಪಾಪ ಅಂತ ಹಣೆಯ ಮೇಲೆ ಬೋರ್ಡು ತಗುಲಿಸಿಕೊಂಡ ಹಾಗೆ.

ಫಿಡೆಲ್ಮಾ ಊನಾಳ ಕೈ ಹಿಡಿದು ಕಳ್ಳಬೆಕ್ಕಿನ ಹಾಗೆ ಬಲಕ್ಕೆ ಸರಿದಳು.

"ಅಮ್ಮಾ, ಈಗ ಕೇಳ್ಲಾ?"

"ಶ್‌! ಚರ್ಚಲ್ಲಿ ಮಾತಾಡ್ಬಾರ್ದು."

ಅಷ್ಟರಲ್ಲಿ ಪಕ್ಕದ ಮನೆಯ ಕನ್ಸೆಪ್ಟಾ ಜಪಸರ ಹಿಡಿದೇ ಬಂದಳು. "ಅಯ್ಯೋ ಫಿಡೆಲ್ಮಾ, ಇದೇನೇ ಈ ಕಡೆ? ಅಂಥದ್ದೇನಾಯ್ತೇ?"

"ಏನಿಲ್ಲ ಕನ್ಸೆಪ್ಟಾ, ಇಲ್ಲಿ ಸಾಲು ಚಿಕ್ಕದು. ಒಲೇಲಿ ಬ್ರೆಡ್ ಇಟ್ಟು ಬಂದಿದೀನಿ."

"ಹೇಳ್ಬೇಡ ಬಿಡು, ನಾನೇನು ಕೇಳೋಳಲ್ಲ. ಗಂಡಂಗೆ ಗೊತ್ತಾ?"

ಎಡಸಾಲಿನ ಹನ್ನೊಂದು ತಲೆಗಳು ಸೂರ್ಯಕಾಂತಿಗಳಂತೆ ಒಟ್ಟಿಗೆ ಇತ್ತ ತಿರುಗಿದವು. ಗದ್ದಲಕ್ಕೆ ಫಾದರ್ ಲಾಫ್ನನ್ ಪರದೆ ಸರಿಸಿ ಹಣಕಿದರು. "ಫಿಡೆಲ್ಮಾ ಅಲ್ವಾ? ನಾಳೆ ಮಗಳ ಹಬ್ಬ, ಎಷ್ಟು ಕೆಲಸ ಇರತ್ತೋ ಏನೋ! ಬಾಮ್ಮ, ನೀನೇ ಮೊದಲು ಬಾ."

ಹನ್ನೊಂದು ಜನ ದಾರಿ ಬಿಟ್ಟರು. ಅವಳು ಹೋಗಲೇಬೇಕಾಯಿತು.

ಜಾಲರಿಗೆ ಬಾಯಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದಳು. "ಗೊತ್ತಿದ್ದೂ ಗೊತ್ತಿದ್ದೂ ಪೂಜೆ ತಪ್ಪಿಸ್ದೆ ಫಾದರ್. ನಿಮ್ಮ ಉಪದೇಶಾನೂ ಕೇಳಿರ್ಲಿಲ್ಲ. ಸುಳ್ಳು ಹೇಳ್ದೆ."

ಜಾಲರಿಯಾಚೆಯಿಂದ ಫಾದರ್ ಹತ್ತಿರಕ್ಕೆ ಬಾಗಿದರು.

"ಅವತ್ತು ನನಗೆ ಗಂಟಲು ಕಟ್ಟಿತ್ತು ಮಗಳೇ. ಉಪದೇಶಾನೇ ಕೊಟ್ಟಿರ್ಲಿಲ್ಲ. ನೀನು ಕಣ್ಣೀರು ಬಂತು ಅಂದ್ಮೇಲೆ, ಇವಳಿಗೆ ಏನಪ್ಪಾ ಕೇಳಿಸ್ತು ಅಂತ ವಾರವೆಲ್ಲ ತಲೆ ಕೆಡಿಸ್ಕೊಂಡಿದೀನಿ."

ಫಿಡೆಲ್ಮಾ ಮುಖ ಮುಚ್ಚಿಕೊಂಡಳು. ಆಚೆಯಿಂದ ಸಣ್ಣ ನಗು ಕೇಳಿತು.

"ಪಶ್ಚಾತ್ತಾಪ ಇದೆಯಾ?"

"ಇದೆ ಫಾದರ್. ಕಡಲು ಮಾತ್ರ ಚೆನ್ನಾಗಿತ್ತು."

"ಕಡಲಿಗೆ ಸೋಮವಾರ ಹೋಗು. ದೇವರು ಕ್ಷಮಿಸಿಬಿಡ್ತಾನೆ, ನೀನೂ ನಿನ್ನನ್ನ ಕ್ಷಮಿಸ್ಕೋ. ಪ್ರಾಯಶ್ಚಿತ್ತಕ್ಕೆ ಹತ್ತು ನಮೋ ಮರಿಯಾ ಜಪ ಹೇಳು." ಪಾಪವಿಮೋಚನೆಯ ಮಾತುಗಳನ್ನು ಹೇಳಿ ಅವರು ಶಿಲುಬೆಯ ಗುರುತು ಹಾಕಿದರು.

ಅವಳು ಹತ್ತಿಯಂತೆ ಹಗುರಾಗಿ ಹೊರಬಂದಳು. ಗೂಡಿನಲ್ಲಿ ಹೇಳಿದ್ದು ಗೂಡಿನಲ್ಲೇ ಸಮಾಧಿ. ಕುತ್ತಿಗೆಗೆ ಕತ್ತಿ ಇಟ್ಟರೂ ಫಾದರ್ ಬಾಯಿ ಬಿಡುವವರಲ್ಲ. ಇನ್ನು ಕನ್ಸೆಪ್ಟಾ ಎಷ್ಟು ಕೆದಕಿದರೂ ಏನೂ ಸಿಗದು. ಊನಾಳ ಪಕ್ಕ ಮೊಣಕಾಲೂರಿ ಜಪ ಶುರುಮಾಡಿದಳು. ಜಪ ಹೆಚ್ಚಾದಷ್ಟೂ ಪಾಪ ದೊಡ್ಡದು; ಹಿಂದಿನ ಬೆಂಚಿನಲ್ಲಿ ಕನ್ಸೆಪ್ಟಾ ಎಷ್ಟು ಜಪ ಅಂತ ಬೆರಳು ಮಡಚಿ ಎಣಿಸುತ್ತಿದ್ದಳು. ಇಡೀ ಚರ್ಚು ಕಿವಿಯಾಗಿತ್ತು.

ಹತ್ತನೆಯದು ಮುಗಿಯಿತು. ಮಗಳ ಕಣ್ಣು ತುಂಬಿಕೊಂಡಿದ್ದನ್ನು ಫಿಡೆಲ್ಮಾ ಆಗ ನೋಡಿದಳು. ಪಾಪ, ಬೆಳಗಿನಿಂದ ಏನೋ ಕೇಳಬೇಕು ಅಂತಿದೆ ಮಗು. ಅವಳ ಕೆನ್ನೆ ಸವರಿ, "ಈಗ ಕೇಳು ಪುಟ್ಟಾ" ಎಂದಳು.

ಊನಾ ಅಳು ನುಂಗಿ, ಶಾಲೆಯಲ್ಲಿ ಪಾಠ ಒಪ್ಪಿಸುವಷ್ಟೇ ದೊಡ್ಡ ದನಿಯಲ್ಲಿ ಕೇಳಿದಳು:

"ಅಮ್ಮಾ, ಹೋದ ಭಾನುವಾರ ನಂಗೆ ನಿದ್ದೆ ಬಂದಿರ್ಲಿಲ್ಲ. ನೀನು ಅಷ್ಟು ಖುಷಿಯಾಗಿ ಸಮುದ್ರ ನೋಡ್ತಿದ್ದೆ ಅಂತ ಸುಮ್ನೆ ಕಣ್ಣು ಮುಚ್ಕೊಂಡಿದ್ದೆ. ಪೂಜೆ ತಪ್ಪಿಸಿದ್ದು ನಂಗೂ ದೊಡ್ಡ ಪಾಪಾನಾ, ಇಲ್ಲಾ ನಿಂಗೊಬ್ಳಿಗೇನಾ?"