ಎರಡು ಹೆಸರಿನ ತಂಗಿ ಮಸ್ಕತ್ತಿಗೆ ಹೊರಟದ್ದು

ಹೆಣ್ಣುಮಕ್ಕಳು ತವರಿಗೂ ಗಂಡನ ಮನೆಗೂ ನಡುವೆ ಓಡಾಡಿಕೊಂಡಿದ್ದಷ್ಟು ದಿನ ಎರಡು ಹೆಸರು ಯಾರಿಗೂ ಭಾರವಾಗಿರಲಿಲ್ಲ. ಅವರು ವಿಮಾನ ಹತ್ತಲು ಹೊರಟ ಮೇಲೆ ನೋಡಿ, ನಮ್ಮ ಕಡೆ ಇಂಥ ಫಜೀತಿಗಳು ನಿಂತೇ ಇಲ್ಲ. ಸಿಂಧನೂರಿನ ನನ್ನ ಬಟ್ಟೆ ಅಂಗಡಿಗೆ ಇವತ್ತಿಗೂ ಯಾರಾದರೂ ಬಂದು, "ಸಾವ್ಕಾರ್ರ, ನಿಮ್ಮ ತಂಗಿದು ಹೆಂಗ ಮಾಡಿಸಿದ್ರಿ?" ಅಂತ ಕೇಳುತ್ತಾರೆ. ನಾನು ಮಾಡಿಸಿದ್ದು ಕಡಿಮೆ. ಮಾಡಿದವಳು ಅವಳೇ.

ನಮ್ಮ ಹಿರಿಯರ ಮನೆ ಮಸ್ಕಿ. ತಂಗಿಗೆ ಹೆತ್ತವರು ಇಟ್ಟ ಹೆಸರು ಹುಲಿಗೆಮ್ಮ. ನರ್ಸಿಂಗ್ ಓದಿದಳು, ಸಾಲಗುಂದಕ್ಕೆ ಸೊಸೆಯಾಗಿ ಹೋದಳು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುವುದು ಅವರ ಮನೆಯ ಪದ್ಧತಿ. ಅವಳ ಅತ್ತೆ 'ಶೈಲಜಾ' ಎಂದು ಬರೆಸಿದರು. ಅಂದಿನಿಂದ ಮಸ್ಕಿಯಲ್ಲಿ ಹುಲಿಗೆಮ್ಮ, ಸಾಲಗುಂದದಲ್ಲಿ ಶೈಲಜಾ. ನಡುವಿನ ಬಸ್ಸಿನಲ್ಲಿ ಯಾರೆಂದು ಯಾರೂ ಕೇಳಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮಸ್ಕತ್ತಿನ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಆರಿಸಿಕೊಂಡಿತು. ಹೇಳಿದ ತಾರೀಖಿಗೆ ಹಾಜರಾಗದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಕಾಗದದಲ್ಲಿ ಬರೆದಿದ್ದರು. ಓದಿನ ಸರ್ಟಿಫಿಕೇಟುಗಳೆಲ್ಲ ಹುಲಿಗೆಮ್ಮನ ಹೆಸರಿನಲ್ಲಿ. ಹಾಗಾಗಿ ಪಾಸ್‌ಪೋರ್ಟಿಗೂ ಅದೇ ಹೆಸರು ಹಾಕಿದೆವು, ವಿಳಾಸ ಮಾತ್ರ ಸಾಲಗುಂದದ್ದು ಕೊಟ್ಟೆವು. ಶುರುವಾದದ್ದು ಅಲ್ಲಿಂದ.

೧. ಅಂಥಾಕಿ ಇಲ್ಲಿಲ್ಲ

ಪಾಸ್‌ಪೋರ್ಟ್ ಕೊಡುವ ಮೊದಲು ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ. ಇದನ್ನು ನಮ್ಮ ಬೀಗತಿಗೆ, ಅಂದರೆ ತಂಗಿಯ ಅತ್ತೆಗೆ, ಯಾರೂ ಹೇಳಿರಲಿಲ್ಲ. ಒಬ್ಬ ವಯಸ್ಸಾದ ಪೇದೆ ಸೈಕಲ್ ನಿಲ್ಲಿಸಿ, ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ಅವರನ್ನು ಕೇಳಿದ: "ಹುಲಿಗೆಮ್ಮ ತಂದೆ ಬಸಪ್ಪ ಅನ್ನೋರು ಇದೇ ಮನ್ಯಾಗ ಇರ್ತಾರೇನಬೇ ಯವ್ವಾ?"

ಖಾಕಿ ಕಂಡದ್ದೇ, ಸೊಸೆಯನ್ನು ಹಿಡಿಯಲು ಬಂದಿದ್ದಾರೆ ಎಂದುಕೊಂಡು ಬೀಗತಿ ಮೊರ ಕೆಳಗಿಟ್ಟರು. "ಆ ಹೆಸರಿನಾಕಿ ಈ ಮನ್ಯಾಗಿಲ್ಲ, ಈ ಓಣ್ಯಾಗೂ ಇಲ್ಲ. ಅಂಥೋರನ್ನ ನಾವು ಹೊಸ್ತಿಲಾ ದಾಟಸಂಗಿಲ್ಲ."

ಒಳಗಿಂದ ಚಹಾ ಹಿಡಿದು ಬಂದ ತಂಗಿ, "ನಾನೇ ರೀ ಹುಲಿಗೆಮ್ಮ" ಅಂದಳು.

"ಸುಮ್ನಿರು ನೀ!" ಅಂದರು ಅತ್ತೆ. ಆಮೇಲೆ ಪೇದೆಗೆ, "ಈಕಿ ಶೈಲಜಾ ರೀ, ನನ್ನ ಸೊಸಿ. ಭಾಳ ಮೆತ್ತನ್ನ ಮನಸಿನಾಕಿ. ಯಾರನ್ನೋ ಉಳಸಾಕ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾಳ. ಈಕಿನ್ನ ಒಯ್ಯೋದಾದ್ರ ಮೊದಲ ನನ್ನ ಒಯ್ರಿ!"

ಪೇದೆ ಚಹಾ ಕುಡಿದು ಮುಗಿಸುವವರೆಗೂ ಅತ್ತೆ ಸೊಸೆಯ ಕೈ ಬಿಡಲಿಲ್ಲ. ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಇಷ್ಟು ವರ್ಷದ ನೌಕರಿಯಾಗ 'ನಾ ಅಲ್ರಿ, ನಾ ಅಲ್ರಿ' ಅನ್ನೋರನ್ನ ಎಷ್ಟೋ ಮಂದೀನ ಹಿಡದೀನಿ. 'ನಾನೇ' ಅಂತ ತಾನೇ ಹೇಳೋ ಹುಡುಗಿ, 'ಈಕಿ ಅಲ್ಲ' ಅನ್ನೋ ಅತ್ತಿ! ಇದನ್ನ ಯಾವ ಖಾನೆದಾಗ ಬರೀಲಿ?"

೨. ಉರ್ಫ್

ಇಬ್ಬರೂ ಒಬ್ಬಳೇ ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆಸಿ ತರಲು ಪೇದೆ ಹೇಳಿ ಹೋದ. ಲಿಂಗಸುಗೂರಿನಲ್ಲಿ ನನಗೆ ಗುರುತಿನ ವಕೀಲರಿದ್ದರು. ತಂಗಿಯನ್ನು ಕರೆದುಕೊಂಡು ಹೋದೆ. ಹೆಸರಿಟ್ಟವರೇ ಸಾಕ್ಷಿಗೆ ಬರಬೇಕೆಂದು ಬೀಗತಿಯೂ ಬಂದರು.

ವಕೀಲರು ಟೈಪಿಸ್ಟನಿಗೆ ಹೇಳತೊಡಗಿದರು: "ಹುಲಿಗೆಮ್ಮ ಉರ್ಫ್ ಶೈಲಜಾ..."

"ನಿಂದ್ರಿಸ್ರಿ!" ಬೀಗತಿ ಕುರ್ಚಿಯಿಂದ ಎದ್ದರು. "ಉರ್ಫ್ ಅಂತ ಠಾಣೆದಾಗ ಕಳ್ಳರ ಫೋಟೋದ ಕೆಳಗ ಬರದಿರ್ತಾರ. ನನ್ನ ಸೊಸಿ ಏನು ಕದ್ದಾಳ್ರಿ?"

ವಕೀಲರು ಕಾನೂನು ಹೇಳಿದರು, ನಾನು ಸಮಾಧಾನ ಹೇಳಿದೆ. ಎರಡೂ ನಡೆಯಲಿಲ್ಲ. ತಂಗಿ ಮೆಲ್ಲಗೆ, "ಅತ್ತಿ, ಉರ್ಫ್ ಹಿಂದಿಂದು ಹಳೇ ಹೆಸರು, ಮುಂದಿಂದು ಈಗಿಂದು. ಕಡೀಗೆ ಉಳಿಯೋದು ನೀವು ಇಟ್ಟದ್ದೇ" ಅಂದಳು. ಬೀಗತಿ ಕುಳಿತರು. ಅಂಗಡಿಯಲ್ಲಿ ಇಷ್ಟು ವರ್ಷ ಗಿರಾಕಿಗಳನ್ನು ಒಪ್ಪಿಸಿದ ನನಗೆ ಈ ಮಾತು ಹೊಳೆದಿರಲಿಲ್ಲ.

ಮುಂದಿನ ಪ್ರಶ್ನೆ: "ಗಂಡನ ಹೆಸರು ಹೇಳಮ್ಮಾ."

ತಂಗಿ ಅತ್ತೆಯ ಮುಖ ನೋಡಿದಳು. ಹಿರಿಯರ ಎದುರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ವಾಡಿಕೆ ನಮ್ಮಲ್ಲಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದೊಳಗೆ ಸೇರಿಸಿ ಹೇಳಬೇಕು. ನಾನು ಹೇಳಲು ಬಾಯಿ ತೆರೆದರೆ ವಕೀಲರು ತಡೆದರು: "ಪ್ರಮಾಣ ಮಾಡೋರು ಅವ್ರು. ಅವ್ರೇ ಹೇಳ್ಬೇಕು."

ತಂಗಿ ಸೆರಗು ಸರಿಮಾಡಿಕೊಂಡು ಒಂದೇ ಉಸಿರಿಗೆ ಹೇಳಿದಳು: "ಮಸ್ಕಿಯಿಂದ ಮಲ್ಲಿಗಿ ಮುಡದು ಬಂದೆ, ಸಾಲಗುಂದದಾಗ ಸೊಸಿಯಾಗಿ ನಿಂದೆ, ಅಮರೇಶರ ಹೆಸರು ವಕೀಲರ ಮುಂದ ಅಂದೆ!"

ಬೀಗತಿ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ವಕೀಲರು ಭಲೇ ಅಂದರು. ಅಷ್ಟರಲ್ಲಿ ಟೈಪಿಸ್ಟ್ ಕಾಗದ ಎಳೆದು ಸಹಿಗೆ ಮುಂದಿಟ್ಟ. ಅವನು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹೊಡೆಯುವ ಮನುಷ್ಯ. ಗಂಡನ ಹೆಸರಿನ ಜಾಗದಲ್ಲಿ ಮಲ್ಲಿಗೆಯಿಂದ ಹಿಡಿದು 'ಭಲೇ' ತನಕ ಎಲ್ಲ ಬಂದಿತ್ತು. ಇನ್ನೊಂದು ಸ್ಟಾಂಪ್ ಪೇಪರ್ ತಂದೆವು.

೩. ನನ್ನ ಹೆಸರೆಲ್ಲಿ?

ಪಾಸ್‌ಪೋರ್ಟ್ ಬಂತು. ಓಣಿಯವರೆಲ್ಲ ನೋಡಲು ಬಂದರು. ಬೀಗತಿಗೆ ಓದು ಬರುವುದಿಲ್ಲ, ಆದರೆ ತಿಳಿಯದೆ ಯಾವುದನ್ನೂ ಒಪ್ಪುವವರಲ್ಲ.

"ಇದೇನು ಬರದಾರ?"

"ನಮ್ಮಪ್ಪನ ಹೆಸರು."

"ಇದು?"

"ನಿಮ್ಮ ಮಗಂದು."

"ನಂದೆಲ್ಲಿ? ಪೊಲೀಸರ ಮುಂದ ನಿಂತಾಕಿ ನಾನು, ಲಿಂಗಸುಗೂರಿಗೆ ಬಂದಾಕಿ ನಾನು. ನಂದೇ ಇಲ್ಲಂದ್ರ ವಾಪಸ್ ಕಳಸು, ತಿದ್ದಿ ಕೊಡಲಿ."

ವಾಪಸ್ ಕಳಿಸಿದರೆ ತಾರೀಖು ಹೋಯಿತು, ಕೆಲಸ ಹೋಯಿತು. ತಂಗಿ ಹಾಳೆ ತಿರುವಿದಳು. ಆಪತ್ತು ಬಂದರೆ ಯಾರಿಗೆ ಸುದ್ದಿ ಮುಟ್ಟಿಸಬೇಕು ಎಂದು ತುಂಬಿಕೊಳ್ಳುವ ಖಾಲಿ ಜಾಗ ಒಂದಿತ್ತು. ಎಲ್ಲರ ಎದುರು ಪೆನ್ನು ತೆಗೆದು ಅಲ್ಲಿ ಅತ್ತೆಯ ಹೆಸರನ್ನು ದುಂಡಗೆ ಬರೆದಳು. "ಬಾಕಿದೆಲ್ಲ ಸರಕಾರದೋರು ಬರದದ್ದು ಅತ್ತಿ. ಇದೊಂದು ನಾ ಬರದದ್ದು. ಪರದೇಶದಾಗ ನನಗೇನರ ಆದ್ರ ಮೊದಲ ನಿಮ್ಮನ್ನೇ ಕೇಳ್ತಾರ."

ಬೀಗತಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಕಣ್ಣೊರೆಸಿಕೊಂಡರು. ಸಂಜೆಯ ಹೊತ್ತಿಗೆ ಊರಲ್ಲೆಲ್ಲ ಹೇಳಿಯಾಗಿತ್ತು: "ಪಾಸ್‌ಪೋರ್ಟಿನ್ಯಾಗ ನನ್ನ ಹೆಸರೂ ಅದ. ಮನಸು ಬಂದ್ರ ನಾನೂ ಹೋಗಬೌದು. ಎಮ್ಮಿ ನೋಡ್ಕೊಳ್ಳೋರಿಲ್ಲಂತ ಬಿಟ್ಟೀನಿ."

೪. ಬೊಂಬಾಯಿಯ ದಾಖಲೆ

ಟಿಕೀಟು ತಂದವರು ತಂಗಿಯ ಗಂಡ ಅಮರೇಶರು. ಜವಳಗೇರಾದಲ್ಲಿ ಮಾಸ್ತರು, ಒಳ್ಳೆಯ ಮನುಷ್ಯ. ಹೈದರಾಬಾದಿನ ಗೆಳೆಯನಿಗೆ ಹೇಳಿ ಮಾಡಿಸಿದರು. 'ಮನೆಯವರ ಹೆಸರೇನು?' ಎಂದು ಗೆಳೆಯ ಕೇಳಿದಾಗ, ಮನೆಯಲ್ಲಿ ಕರೆಯುವ ಹೆಸರು ಹೇಳಿದರು. ಟಿಕೀಟು ಶೈಲಜಾ ಹೆಸರಿನಲ್ಲಿ ಬಂತು. ನಾನೂ ಅದನ್ನು ಕೈಯಲ್ಲಿ ಹಿಡಿದು ನೋಡಿದವನೇ. ತಾರೀಖು ನೋಡಿದೆ, ಹೊತ್ತು ನೋಡಿದೆ, ಹೆಸರು ನೋಡಲಿಲ್ಲ. ಥಾನು ಬಿಚ್ಚಿ ಅಂಚು ನೋಡದೆ ಬಟ್ಟೆ ಕೊಳ್ಳದವನು ನಾನು! ತಂಗಿಯ ಟಿಕೀಟಿನಲ್ಲಿ ಮೋಸ ಹೋದೆ.

ಮಾಸ್ತರರಿಗೆ ಪರೀಕ್ಷೆಯ ಕಾಲ, ರಜೆ ಸಿಗಲಿಲ್ಲ. ಬಟ್ಟೆ ಖರೀದಿಗೆ ಬೊಂಬಾಯಿಗೆ ಹೋಗಿಬರುತ್ತಿದ್ದ ನಾನೇ ಅವಳನ್ನು ಕಳಿಸಲು ಹೋದೆ. ಬೆಳಗಿನ ವಿಮಾನ. ಕೌಂಟರಿನ ಹುಡುಗಿ ಟಿಕೀಟನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಇಟ್ಟು ತಲೆ ಅಲ್ಲಾಡಿಸಿದಳು. ಟಿಕೀಟು ಬೇರೆಯವರದು, ಬಿಡುವುದಿಲ್ಲ. ಮುಂದೆ ಜಾಗ ಇರುವುದು ಎಂಟು ದಿನಕ್ಕೆ. ತಂಗಿ ಆಸ್ಪತ್ರೆಗೆ ಹಾಜರಾಗಬೇಕಾದದ್ದು ನಾಳೆ.

ನಾನು ಲಿಂಗಸುಗೂರಿನ ಕಾಗದ ಹಿಡಿದೆ. ಅದು ಕನ್ನಡದಲ್ಲಿತ್ತು. ಮೇಲಧಿಕಾರಿಯನ್ನು ಕರೆಸಿದರು. ಪುಣ್ಯಕ್ಕೆ ಆತ ಮಂಗಳೂರು ಕಡೆಯವ. ಓದಿ ಮಡಚಿ ವಾಪಸ್ ಕೊಟ್ಟ. "ಯಜಮಾನ್ರೇ, ಇಂಥ ಕಾಗದ ದಿನಾ ಹತ್ತು ನೋಡ್ತೇನೆ. ಯಾರು ಬೇಕಾದ್ರೂ ಮಾಡಿಸ್ಬಹುದು. ಬೇರೆ ಏನಾದ್ರೂ ಉಂಟಾ? ಮದುವೆ ಆದಾಗಿನದ್ದು?"

ಲಗ್ನಪತ್ರಿಕೆ ಮನೆಯಲ್ಲಿತ್ತು. ತಂದಿದ್ದರೂ ಪ್ರಯೋಜನವಿರಲಿಲ್ಲ, ಅದರಲ್ಲಿ ಹೊಸ ಹೆಸರಿಲ್ಲ. ತಂಗಿ ಕೈಚೀಲ ಕೆಳಗಿಟ್ಟು, ಅದರಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಸಜ್ಜೆ ರೊಟ್ಟಿಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಯಲ್ಲಿಟ್ಟಳು, ಮೇಲೆ ಶೇಂಗಾ ಚಟ್ನಿಯ ಪೊಟ್ಟಣ. ಹಿಂದಿನ ಸಾಲಿನವರು ಕತ್ತು ಚಾಚಿ ನೋಡತೊಡಗಿದರು.

"ಈಗ ಊಟ ಮಾಡೋ ಹೊತ್ತೇನವ್ವಾ?" ಅಂದೆ.

"ನೀ ರೊಟ್ಟಿ ಹಿಡಿ, ಅಣ್ಣಾ" ಅಂದು, ಡಬ್ಬಿ ಬೋರಲು ಮಾಡಿ ಅಧಿಕಾರಿಯ ಮುಂದಿಟ್ಟಳು.

ಉಡುಗೊರೆ ಪಾತ್ರೆಗಳ ತಳಕ್ಕೆ ಕೊಟ್ಟವರ ಹೆಸರು, ತಾರೀಖು ಕೆತ್ತಿಸುವುದು ಎಲ್ಲ ಕಡೆ ಇರುವುದೇ. ಮದುವೆಯಲ್ಲಿ ನಮ್ಮವರು ಕೊಟ್ಟ ಪಾತ್ರೆಗಳ ಮೇಲೆ ಹುಲಿಗೆಮ್ಮ, ಆಮೇಲೆ ಅವರ ಕಡೆಯವರು ಕೊಟ್ಟದ್ದರ ಮೇಲೆ ಶೈಲಜಾ. ಈ ಡಬ್ಬಿ ಮಾತ್ರ, ಅವಳು ಮೊದಲ ಪಂಚಮಿಗೆ ತವರಿಗೆ ಬಂದಾಗ ನಮ್ಮ ಸೋದರತ್ತೆ ಕೊಟ್ಟದ್ದು. ಯಾವ ಹೆಸರು ಬಿಟ್ಟರೂ ಒಂದು ಮನೆಯವರ ಮಾತು ಕೇಳಬೇಕಾದೀತೆಂದು ಆಕೆ ಎರಡನ್ನೂ ಕೆತ್ತಿಸಿದ್ದಳು. ಅಧಿಕಾರಿ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದ: "ನಮ್ಮ ಹುಲಿಗೆಮ್ಮಗೆ, ನಿಮ್ಮ ಶೈಲಜಾಗೆ, ಮೊದಲ ಪಂಚಮಿಗೆ. ಸೋದರತ್ತೆ, ಮಸ್ಕಿ." ಕೆಳಗೆ ಎರಡು ವರ್ಷದ ಹಿಂದಿನ ತಾರೀಖು.

ಆತ ಡಬ್ಬಿಯನ್ನೂ ತಂಗಿಯನ್ನೂ ಎರಡು ಸಲ ನೋಡಿದ. "ಟಿಕೀಟಿಗೋಸ್ಕರ ಯಾರೂ ಎರಡು ವರ್ಷ ಮುಂಚೆ ಡಬ್ಬಿ ಕೆತ್ತಿಸುವುದಿಲ್ಲ" ಅಂದ. ಕೌಂಟರಿನ ಹುಡುಗಿಗೆ ಹಿಂದಿಯಲ್ಲಿ, "ಇದರದ್ದೊಂದು ಝೆರಾಕ್ಸ್ ತೆಗೆದು ಫೈಲಿಗೆ ಹಾಕು" ಅಂದ.

ಆಕೆ ತಮಾಷೆ ಅಂದುಕೊಂಡಳು. ತಮಾಷೆಯಲ್ಲ. ಡಬ್ಬಿಯನ್ನು ಯಂತ್ರದ ಗಾಜಿನ ಮೇಲೆ ಕೂರಿಸಿದರು. ಯಂತ್ರದ ಮುಚ್ಚಳ ಮುಚ್ಚಲಿಲ್ಲ, ಮೇಲೊಂದು ಟವೆಲ್ ಹೊದಿಸಿದರು. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ, ಸೋದರತ್ತೆಯ ಅಕ್ಷರಗಳ ಸಮೇತ ಹಾಳೆ ಹೊರಬಂತು. ಅದರ ಮೇಲೆ ಅಧಿಕಾರಿ ಸಹಿ ಹಾಕಿ, ದಪ್ಪನೆ ಒಂದು ಠಸ್ಸೆ ಒತ್ತಿದ.

ನಾನು ವಕೀಲರ ಕಾಗದ ಕಂಕುಳಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ನಿಂತಿದ್ದೆ. ತಂಗಿ ಅವನ್ನು ಸಾವಕಾಶವಾಗಿ ಡಬ್ಬಿಗೆ ತುಂಬಿದಳು. ಎರಡನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಆತ ಬೋರ್ಡಿಂಗ್ ಪಾಸ್ ಒಳಗಿಟ್ಟು ಪಾಸ್‌ಪೋರ್ಟ್ ಅವಳ ಕೈಗೆ ಕೊಟ್ಟ.

"ಸಿಸ್ಟರ್, ಇದು ಕಳೆದ್ರೆ ಅಲ್ಲಿ ನಮ್ಮ ಎಂಬೆಸಿ ಇದೆ, ಇನ್ನೊಂದು ಕೊಡ್ತಾರೆ. ಡಬ್ಬಿ ಮಾತ್ರ ಜೋಪಾನ!"