ಪರದೆ ಮೇಲಿನ ಕುರಿಮಂದೆ

ಹಿರಿಯೂರು ಪೇಟೆಯಲ್ಲಿ ಕಂಬಳಿ ಮಾರುವವನು ಗಲ್ಲಾಪೆಟ್ಟಿಗೆ ಪಕ್ಕ ಕಂಪ್ಯೂಟರ್ ಇಟ್ಟುಕೊಂಡರೆ, ಬೇಡವೆಂದರೂ ಇಂಥವು ನಡೆಯುತ್ತಲೇ ಇರುತ್ತವೆ. ಊರಿಗೆ ಬ್ರೌಸಿಂಗ್ ಸೆಂಟರ್ ಹೊಸದಾಗಿ ಬಂದಿದ್ದ ಕಾಲ. ಪತ್ರಿಕೆಯೊಂದರ ಜೊತೆ ಬಂದ ಸೀಡಿಯಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಪರದೆ ಮೇಲೆ ಚಿಕ್ಕ ಚಿಕ್ಕ ಪೆಟ್ಟಿಗೆಗಳು. ಒಂದರಿಂದ ಒಂದಕ್ಕೆ ಗೆರೆ ಎಳೆದರೆ ಸಾಕು, ಚಿತ್ರ ತಾನಾಗಿ ಚಲಿಸುತ್ತದೆ. ಕಂಬಳಿ ಅಂಚಿನ ವಿನ್ಯಾಸಕ್ಕಾದೀತು ಅಂತ ಶುರು ಮಾಡಿದವನು ಕುರಿಮಂದೆ ಮಾಡಿ ಕೂತೆ. ಬಳಸುವವರು ಕಳಿಸಿದ ಮಾದರಿಗಳಲ್ಲಿ ಒಳ್ಳೆಯವನ್ನು ಸಾಫ್ಟ್‌ವೇರ್ ಮಾಡಿದ ವಿದೇಶದವರು ಹೊಸ ಆವೃತ್ತಿಯ ಜೊತೆಗೇ ಎಲ್ಲರಿಗೂ ಕೊಡುತ್ತಾರಂತೆ. ನನ್ನ ಕುರಿಗಳು ಅದರಲ್ಲಿ ಸೇರಲೇಬೇಕು ಅನ್ನುವ ಹುಚ್ಚು ಹತ್ತಿತು.

೧. ಕಾವಲು

ಬಿಳಿ ಚುಕ್ಕೆಗಳು ಪರದೆಯ ಮೂಲೆಯಿಂದ ಮಂಜಿನ ಹಾಗೆ ಬಂದು, ಹರಡಿ, ಮತ್ತೆ ಒಂದಾಗಿ ತೇಲಿಹೋಗುತ್ತಿದ್ದವು. ಉಣ್ಣೆ ತಂದಿದ್ದ ಜವನಗೊಂಡನಹಳ್ಳಿಯ ಕುರಿಗಾಹಿ ಎದುರಿಗೆ ಕುಂತ.

"ಏನ್ರಿ ಸಾವ್ಕಾರ್ರೆ ಇದು?"

"ಕುರಿ ಕಣಪ್ಪ."

ಇಬ್ಬರೂ ನೋಡುತ್ತಾ ಕೂತೆವು. ಧರ್ಮಪುರದ ಬಸ್ಸಿನ ಹಾರನ್ನು ಬೇರೆ ಯಾವುದೋ ಊರಿನಿಂದ ಕೇಳಿದಂತಿತ್ತು.

"ಅಂಗಡಿ ಬಾಗ್ಲು ತೆಗ್ದು ಇಬ್ರೂ ನಿದ್ದೆ ಹೊಡೀತಿದೀರಲ್ರಿ!" ನನ್ನ ಹೆಂಡತಿಯ ದನಿ.

ಅವನು ಬೆಚ್ಚಿ ಎದ್ದ. "ನಿದ್ದೆ ಎಲ್ಲಿ ತಾಯಿ, ಮಂದೆ ಕಾಯ್ತಿದ್ದೆ." ಆಮೇಲೆ ನನ್ನತ್ತ ತಿರುಗಿ, "ಸಾವ್ಕಾರ್ರೆ, ಇವು ಹೊಲಕ್ಕೆ ನುಗ್ಗಲ್ಲ, ಕೆಮ್ಮಲ್ಲ. ಕಾಯಾಕೆ ನನ್ನೇ ಇಟ್ಕಳ್ರಿ. ನಿದ್ದೆಗೆ ಬೇರೆ ಟೈಮ್ ಕೇಳಲ್ಲ."

೨. ತುಂಡು

ನಮ್ಮ ವ್ಯಾಪಾರದಲ್ಲಿ ತೋರಿಸಲಿಕ್ಕೆ ಕೊಡುವುದು ತುಂಡು. ಇಡೀ ಥಾನು ಯಾರು ಕೊಡುತ್ತಾರೆ? ಕುರಿಗಳನ್ನು ನಡೆಸುವ ಮುಖ್ಯ ಪೆಟ್ಟಿಗೆಯೊಂದನ್ನು ತೆಗೆದಿಟ್ಟುಕೊಂಡು, ಉಳಿದದ್ದನ್ನು ಫ್ಲಾಪಿಯಲ್ಲಿ ಒಯ್ದು ಬ್ರೌಸಿಂಗ್ ಸೆಂಟರಿನಿಂದ ಕಳಿಸಿದೆ. ನಿಮ್ಮ ಕುರಿಗಳು ನಿಂತಲ್ಲೇ ನಿಂತಿವೆ ಅಂತ ಉತ್ತರ ಬಂತು.

ಸೆಂಟರಿನ ಮಾಲೀಕ ನಕ್ಕ. "ಅಣ್ಣ, ಇಲ್ಲಿ ಇಡೀದೇ ಕೊಡ್ಬೇಕು. ಬಿಚ್ಚಿ ನೋಡಿ ಕಲೀಲಿ ಅಂತ್ಲೇ ಹಾಕೋದು."

"ಬಿಚ್ಚಿ ನೋಡಿ ಅವ್ರೇ ಮಾಡ್ಕಂಡ್ರೆ?"

"ಮಾಡ್ಕಳ್ಳಿ ಅಂತಾನೇ."

"ಅಂಗಡಿ ಬೀಗದಕೈ ಗಿರಾಕಿ ಕೈಗೆ ಕೊಟ್ಟು, ನಿಧಾನಕ್ಕೆ ನೋಡ್ರಿ ಅಂದಂಗಾತಲ್ಲೋ!"

"ಹೂಂ ಅಣ್ಣ. ಲೈಟೂ ಹಾಕಿಟ್ಟು ಬರ್ಬೇಕು."

ಹೊಟ್ಟೆ ಉರಿದರೂ ಇಡೀ ಮಂದೆ ಕಳಿಸಿದೆ.

೩. ನೋಡೋಣ

ಈ ಸಲ ಒಳ್ಳೆ ಉತ್ತರ ಬಂತು: ಬಹಳ ಚೆನ್ನಾಗಿದೆ, ಹೊಸ ಆವೃತ್ತಿಗೆ ಸೇರಿಸಲೇ?

ಕುಣಿಯುವಷ್ಟು ಖುಷಿಯಾಯಿತು. ಆದರೆ ಕೇಳಿದ ಕೂಡಲೇ ಹೂಂ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. "ನೋಡೋಣ, ಯೋಚನೆ ಮಾಡಿ ಹೇಳ್ತೀನಿ ಅಂತ ಹೊಡಿ" ಅಂದೆ ಸೆಂಟರಿನವನಿಗೆ. ಪೇಟೆಯಲ್ಲಿ ಗಿರಾಕಿ ಇದನ್ನು ಕೇಳಿ ಮೆಟ್ಟಿಲಿಳಿಯುತ್ತಾನೆ, ಹಂಗೇ ಬೆಲೆ ಏರಿಸಿಕೊಂಡು ತಿರುಗಿ ಬರುತ್ತಾನೆ.

ಇವರು ಬರಲಿಲ್ಲ. ತೊಂದರೆ ಕೊಟ್ಟೆವು, ಕ್ಷಮಿಸಿ; ಒಪ್ಪಿಗೆಯಿಲ್ಲದೆ ಸೇರಿಸುವುದಿಲ್ಲ, ನಾಳೆಗೆ ಆಯ್ಕೆ ಮುಗಿಯುತ್ತದೆ ಅಂತ ಬರೆದಿದ್ದರು.

ಅಂಗಡಿಗೆ ಬಂದು ಕೂತೆ. ಪರದೆ ಮೇಲೆ ಕುರಿಗಳು ಮೋಡದ ಹಾಗೆ ಸಾಗುತ್ತಿದ್ದವು. ಒಂದೂ ನನ್ನ ಕಡೆ ನೋಡುತ್ತಿಲ್ಲ ಅನ್ನಿಸಿತು.

"ಯಾರ್ನ ಕಾಯ್ತಿದೀರಿ?" ಅಂದಳು ಹೆಂಡತಿ.

"ಇನ್ನೊಂದು ಸಲ ಕೇಳ್ತಾರೆ ಇರು."

"ಅವ್ರು ಸಮುದ್ರದಾಚೆ ಅವ್ರೆ! ಎದ್ದು ಹೋಗಿ ಕೂಗ್ರಿ!"

ಸೆಂಟರಿಗೆ ಓಡಿದೆ. "ತಗಳ್ರಿ, ದಯವಿಟ್ಟು ತಗಳ್ರಿ ಅಂತ ಹೊಡಿ" ಅಂದೆ. ಹೊಡೆದು ಮುಗಿಸಿದವನು "ಅಷ್ಟೇನಾ ಅಣ್ಣ?" ಅಂದ. ಹೊರಟುಹೋದ ಗಿರಾಕಿಯನ್ನು ಬರೀ ಮಾತಲ್ಲಿ ತರಲಾಗುತ್ತದೆಯೇ? "ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರ ತಿರುಗೋದು ಇನ್ನೊಂದು ಮಾಡಿದೀನಿ, ಅದನ್ನೂ ಕೊಡ್ತೀನಿ ಅಂತ ಸೇರ್ಸು."

ಮಾರನೇ ದಿನ ಮೀಸೆ ತಿರುವಿಕೊಂಡು ಮನೆಗೆ ಬಂದೆ. "ಎರಡೂ ತಗಂಡ್ರು ಕಣೇ!"

"ಎಷ್ಟಕ್ಕೆ?"

"ಪುಕ್ಕಟೆ."

"ಪುಕ್ಕಟೆ ಕೊಡಾಕೆ ಒಂದು ಸಾಲ್ದಾಗಿತ್ತಾ? ಎರಡನೇದು ಯಾಕೆ?"

"ಮೊದಲನೇದಕ್ಕೆ ಕೊಸರು."